ಹಗೇವಿನಲ್ಲಿ ಕುಸಿದ ಗೆರೆ

ಕಿವಿ ಕೇಳುವುದಷ್ಟೇ ಅಲ್ಲ, ತಾನೂ ಸಣ್ಣ ಸದ್ದು ಹೊರಡಿಸುತ್ತದೆ. ಬಲಗಿವಿಯಲ್ಲಿ ಪುಟ್ಟ ಮೈಕು ಇಟ್ಟರೆ ಆ ಸದ್ದು ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಆಗ ಎಡಗಿವಿಗೆ ಗದ್ದಲ ಕೇಳಿಸಿದರೆ, ನಾವು ಬೇಡವೆಂದರೂ ಬಲಗಿವಿಯ ಗೆರೆ ಕುಸಿಯುತ್ತದೆ. ಎರಡು ಸಾವಿರದ ಇಸವಿಯ ಆಚೀಚೆ ಇದನ್ನು ಅಳೆಯುವುದೇ ನನ್ನ ಕೆಲಸವಾಗಿತ್ತು.

ಅಳೆಯಲು ನಿಶ್ಶಬ್ದ ಬೇಕು. ಸಿಂದಗಿಯಲ್ಲಿ ನನಗೆ ಕೊಟ್ಟ ಕೋಣೆ ಬಸ್ ನಿಲ್ದಾಣದ ಪಕ್ಕವೇ ಇತ್ತು. ಹಾರ್ನ್ ಕೇಳಿ ಕೇಳಿ ತಲೆಕೆಟ್ಟು ಹೋಗಿತ್ತು. ದೇವಣಗಾಂವದ ರೈತನೊಬ್ಬ ತನ್ನ ಖಾಲಿ ಹಗೇವು ತೋರಿಸಿದ. ಜೋಳ ತುಂಬಿಡುವ ನೆಲದೊಳಗಿನ ಆ ಕೋಣೆಗೆ ಮೊದಲು ಕಂದೀಲು ಇಳಿಬಿಟ್ಟು, ಒಳಗಿನ ಕೆಟ್ಟ ಗಾಳಿಗೆ ದೀಪ ಆರುತ್ತದೋ ಎಂದು ಬಹಳ ಹೊತ್ತು ನೋಡಿದ. "ಸಾಕು ಬಿಡಪ್ಪ" ಎಂದು ಸಿಡುಕಿ ನಾನು ಇಳಿದೆ.

ಮೊದಲು ನನ್ನ ಕಿವಿಯನ್ನೇ ಪರೀಕ್ಷಿಸಿಕೊಂಡೆ. ಎಡಗಿವಿಗೆ ಹಾಕಬೇಕಾದ ಇಯರ್‌ಫೋನ್ ಇನ್ನೂ ಕೈಯಲ್ಲೇ ಇತ್ತು. ಆದರೂ ಗೆರೆ ಕುಸಿಯಿತು. ಉಗುಳು ನುಂಗಿದ್ದಕ್ಕೆ ಹೀಗಾಯಿತೇನೋ ಎಂದು ಉಸಿರು ಬಿಗಿಹಿಡಿದು ಕೂತೆ. ಮತ್ತೆ ಕುಸಿಯಿತು, ಮೆಲ್ಲಗೆ ಎದ್ದಿತು, ಮತ್ತೆ ಕುಸಿಯಿತು, ಪಕ್ಕದಲ್ಲಿ ಯಾರೋ ಏದುಸಿರು ಬಿಡುತ್ತಿರುವ ಹಾಗೆ. ನನಗೆ ಏನೂ ಕೇಳುತ್ತಿರಲಿಲ್ಲ. ನನ್ನ ಕಿವಿಗೆ ಕೇಳುತ್ತಿತ್ತು.

ತಂತಿ ಕಿತ್ತುಕೊಂಡು ಮೇಲೆ ಬಂದೆ. ಯಾರು ಸದ್ದು ಮಾಡಿದ್ದು ಎಂದು ರೈತನ ಮೇಲೆ ರೇಗಿದೆ.

"ಯಾರೂ ಇಲ್ರಿ ಇಲ್ಲಿ" ಎಂದ. ಆಮೇಲೆ ಮೆಲ್ಲಗೆ ಕೇಳಿದ, "ನಿಮ್ಮ ಎಡಗಿವಿ ಯಾವ ಗ್ವಾಡಿ ಕಡಿಗಿತ್ರಿ?"

ಪೂರ್ವದ ಗೋಡೆ ಎಂದೆ.

ಅವನು ಕಂದೀಲು ಮೇಲೆಳೆದುಕೊಂಡ. "ನಮ್ಮಪ್ಪ ದೀಪ ಬಿಡದ ಇಳದಿದ್ದ್ರಿ. ಉಸರು ಕಟ್ಟಿ ಸತ್ತಾಗ, ಆ ಗ್ವಾಡಿಗೇ ಆನಿಕೊಂಡು ಕುಂತಿದ್ದ."