ಗಾಲ್ಫ್ ಕೋಲಿಗೆ ಗೆರೆ ಕೊರೆದವರು

ಗುಡಿಗಾರಜ್ಜನ ಎಡಗೆನ್ನೆಯ ಮೇಲೆ ಸದಾ ಗಂಧದ ಪುಡಿ ಅಂಟಿರುತ್ತಿತ್ತು. ಗಂಧದ ಮರದಲ್ಲಿ ಪೆಟ್ಟಿಗೆಯೋ ಹಣಿಗೆಯೋ ಕೆತ್ತಿ ಉಜ್ಜಿ ಮುಗಿಸಿದ ಮೇಲೆ ಅದನ್ನು ಕೆನ್ನೆಗೆ ಸವರಿ ನೋಡುವುದು ಅವರ ಅಭ್ಯಾಸ. "ಉಳಿ ಹಿಡಿದೂ ಹಿಡಿದೂ ಅಂಗೈ ಜಡ್ಡುಗಟ್ಟಿದೆ ಮಾರಾಯ, ನಯ ತಿಳಿಯೋದು ಕೆನ್ನೆಗೆ ಮಾತ್ರ" ಎನ್ನುತ್ತಿದ್ದರು.

ಸಾಗರದಲ್ಲಿ ನಾನು ಬಾಡಿಗೆಗಿದ್ದ ಕೋಣೆಗೂ ಅವರ ಜಗಲಿಗೂ ನಡುವೆ ಒಂದೇ ಗೋಡೆ. ರಿಪ್ಪನ್‌ಪೇಟೆಯಿಂದ ಇಂಜಿನಿಯರ್ ಕಚೇರಿಗೆ ಗುಮಾಸ್ತನಾಗಿ ಬಂದಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸಂಜೆ ನಾನು ಬರುವುದನ್ನೇ ಕಾದು ಅಜ್ಜ, "ಏನ್ ಗುಮಾಸ್ತರೇ, ಇವತ್ತು ಎಷ್ಟು ಸಲ 'ಎಸ್ ಸಾರ್' ಆಯ್ತು?" ಎಂದು ಕೆಣಕುತ್ತಿದ್ದರು. ಅವರ ಹೆಂಡತಿ ನನಗೆ ಏನಾದರೂ ತಿನ್ನಲು ಕೊಡದೆ ಬಿಡುತ್ತಿರಲಿಲ್ಲ.

ನಮ್ಮ ಸಾಹೇಬರು ಮೈಸೂರಿನವರು, ಗಾಲ್ಫ್ ಹುಚ್ಚು. ಬಂಗಲೆಯ ಹಿಂದಿನ ಗುಡ್ಡದಲ್ಲಿ ಹುಲ್ಲು ಕತ್ತರಿಸಿ ಆರು ಕುಳಿ ತೋಡಿಸಿದ್ದರು. ಅವರ ಕೋಲುಗಳಲ್ಲಿ ಕಬ್ಬಿಣದ ಮೋರೆಯ ಗಿಡ್ಡ ಕೋಲೊಂದಿತ್ತು. ಕುಳಿಯ ಹತ್ತಿರ ಬಂದಾಗ ಅದರಿಂದ ತಟ್ಟಿದರೆ ಚೆಂಡು ಮೇಲೆದ್ದು, ಬಿದ್ದಲ್ಲೇ ನಿಲ್ಲುತ್ತಿತ್ತು. ಒಂದು ಮಳೆಗಾಲಕ್ಕೆ ಅದು ತುಕ್ಕು ಹಿಡಿಯಿತು. ತೀರ್ಥಹಳ್ಳಿ ಕಡೆಯಿಂದ ಮೇಲಧಿಕಾರಿಯೊಬ್ಬರು ಆಟಕ್ಕೆ ಬರುವವರಿದ್ದರು. ಸಾಹೇಬರು ಕೋಲನ್ನು ನನ್ನ ಕೈಗಿತ್ತು, "ತುಕ್ಕು ಮಾತ್ರ ಒರೆಸಿ ತನ್ನಿ" ಎಂದರು.

ಒರೆಸಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ನನಗೋ ಶಹಭಾಸ್ ಅನ್ನಿಸಿಕೊಳ್ಳುವ ಚಪಲ. "ಕನ್ನಡಿ ಥರ ಹೊಳೀಬೇಕು ಅಜ್ಜ, ಸಾಹೇಬ್ರು ಹೇಳಿದಾರೆ" ಎಂದು ಅಜ್ಜನಿಗೆ ಕೊಟ್ಟೆ. ಅವರು ತಿರುಗಿಸಿ ನೋಡಿ, "ಇಲ್ಲಿ ಎಂತದೋ ಗೆರೆ ಇದ್ಯಲ್ಲ? ಸವೆದು ಕಾಣೋದೇ ಇಲ್ಲ. ಉಜ್ಜಿದ್ರೆ ಅದೂ ಹೋಗುತ್ತೆ" ಎಂದರು.

"ಹೋಗ್ಲಿ ಬಿಡಿ" ಎಂದೆ, ಮಹಾ ಬಲ್ಲವನ ಹಾಗೆ!

ಅಜ್ಜ ಎರಡು ದಿನ ಉಪ್ಪುಕಾಗದದಿಂದ ಉಜ್ಜಿ, ಕೆನ್ನೆಗೆ ಸವರಿ ನೋಡಿ ಕೊಟ್ಟರು. ಅದರಲ್ಲಿ ಮುಖ ನೋಡಿ ಕ್ರಾಪು ತೆಗೆಯಬಹುದಿತ್ತು.

ಮರುದಿನ ಸಾಹೇಬರು ಅಭ್ಯಾಸಕ್ಕೆಂದು ಹೊಡೆದ ಚೆಂಡು ನೆಲಕ್ಕೆ ಬಿದ್ದದ್ದು ನಿಲ್ಲಲೇ ಇಲ್ಲ. ಉರುಳಿ ಉರುಳಿ, ಕುಳಿ ದಾಟಿ ಪೊದೆ ಸೇರಿತು. ನಾಲ್ಕು ಸಲವೂ ಅದೇ ಕತೆ. ಕೋಲಿನ ಮೋರೆ ನೋಡಿ ಅವರ ಮೋರೆ ಕೆಂಪಾಯಿತು. "ಚೆಂಡನ್ನ ಹಿಡಿಯೋದೇ ಆ ಗೆರೆಗಳು ಕಣ್ರೀ! ಸವೆದಿದ್ರೂ ಅಷ್ಟಿಷ್ಟು ಹಿಡೀತಿತ್ತು. ಯಾರ್ರೀ ಇದನ್ನ ಅಳಿಸೋಕೆ ಹೇಳಿದ್ದು?"

ಕೆಲಸ ಹೋಯಿತು ಅಂದುಕೊಂಡೆ. ನನ್ನನ್ನೇ ನಂಬಿದ ಅಮ್ಮ, ಇಬ್ಬರು ತಂಗಿಯರು ಕಣ್ಣ ಮುಂದೆ ಬಂದರು. "ನಾನು ತುಕ್ಕು ಒರೆಸಿ ಅಂತಷ್ಟೇ ಹೇಳಿದ್ದೆ ಸಾರ್. ಆ ಗುಡಿಗಾರರೇ..." ಎಂದುಬಿಟ್ಟೆ.

ಅಜ್ಜನನ್ನು ಕರೆಸಿದರು. ನನ್ನೆದುರೇ, "ತುಕ್ಕು ಒರೆಸಿ ಅಂದ್ರೆ ಗೆರೇನೇ ಅಳಿಸಿದ್ರಂತೆ, ಹೌದೇನ್ರೀ?" ಎಂದು ಕೇಳಿದರು. ಅಜ್ಜ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಹೌದು ಸ್ವಾಮಿ, ನಂದೇ ತಪ್ಪು. ಎಂತ ಕೈಗೆ ಸಿಕ್ರೂ ನಯ ಮಾಡೋ ಚಟ ನಂಗೆ. ನೀವು ನಾಲ್ಕು ಸಲ ಹೊಡೆದು ತೋರಿಸಿ, ಸರಿ ಮಾಡ್ಕೊಡ್ತೀನಿ."

ಅಜ್ಜ ಕುಕ್ಕರಗಾಲಲ್ಲಿ ಕೂತು ನೋಡಿದರು. ಗೆರೆ ಇದ್ದ ಇನ್ನೊಂದು ಕೋಲನ್ನು ಮಾದರಿಗೆ ಕೇಳಿ ಪಡೆದರು. ಕಣ್ಣು ಮಂಜಾಗಿ ಸಣ್ಣ ಕೆತ್ತನೆಯನ್ನೆಲ್ಲ ಮಗನಿಗೆ ಬಿಟ್ಟುಕೊಟ್ಟಿದ್ದವರು, ಆ ಕೋಲನ್ನು ಮಾತ್ರ ಮಗನಿಗೆ ಮುಟ್ಟಗೊಡಲಿಲ್ಲ. ಗರಗಸದ ಹಲ್ಲು ಹರಿತ ಮಾಡುವ ಮೂರು ಮೂಲೆಯ ಅರ ಹಿಡಿದು ಒಂದೊಂದೇ ಗೆರೆ ಕೊರೆದರು. "ಉಗುರು ಆಡಿಸಿದ್ರೆ ಸಿಕ್ಕಿಕೊಳ್ಬೇಕು, ಚೆಂಡಿನ ಚರ್ಮ ಮಾತ್ರ ಹರೀಬಾರ್ದು" ಎಂದು ಮಗನಿಗೆ ಹೇಳುತ್ತಿದ್ದುದು ಗೋಡೆಯಾಚೆ ನನಗೆ ಕೇಳುತ್ತಿತ್ತು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದೆ. ಥೂ, ನಾಚಿಕೆಯಾಗಬೇಕು.

ಆಟದ ದಿನ ಸಾಹೇಬರು ಅದೇ ಕೋಲಿನಿಂದ ತಟ್ಟಿದ ಚೆಂಡು ಕುಳಿಯಿಂದ ಒಂದು ಗೇಣು ದೂರದಲ್ಲಿ ಬಿದ್ದು, ಅಲ್ಲೇ ನಿಂತಿತು. ಮೇಲಧಿಕಾರಿ ಚಪ್ಪಾಳೆ ತಟ್ಟಿದರು. ಆ ವರ್ಷವೇ ನನ್ನ ಕೆಲಸ ಖಾಯಂ ಆಯಿತು.

ನಾನು ಊರಿನ ಇನ್ನೊಂದು ತುದಿಯಲ್ಲಿ ಕೋಣೆ ಹಿಡಿದೆ. ಪೇಟೆಯಲ್ಲಿ ಒಮ್ಮೆ ಎದುರಾದಾಗ ಅಜ್ಜ, "ಏನ್ ಗುಮಾಸ್ತರೇ, ಕಾಣೋದೇ ಇಲ್ಲ?" ಎಂದು ಮೊದಲಿನಂತೆಯೇ ನಕ್ಕರು. ಕೆಲಸ ಜಾಸ್ತಿ ಎಂದು ತಪ್ಪಿಸಿಕೊಂಡೆ. ಆಮೇಲೆ ಹೊಸನಗರಕ್ಕೆ ವರ್ಗವಾಯಿತು. ಅಜ್ಜ ತೀರಿಕೊಂಡ ಸುದ್ದಿ ಅಲ್ಲಿಗೆ ಬಂತು.

ಹೋದೆ. ಅಜ್ಜಿಯ ಮುಂದೆ ಕೂತು, ಗೆರೆ ಅಳಿಸಲು ಹೇಳಿದ್ದು ನಾನೇ, ಸುಳ್ಳು ಹೇಳಿದ್ದೂ ನಾನೇ ಎಂದು ಒಪ್ಪಿಕೊಂಡು ಅತ್ತೆ. ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಅವತ್ತೇ ಗೊತ್ತಿತ್ತಲ್ಲ. ನಂಗೆ ಸಿಟ್ಟು ಬಂದು ನಾಲ್ಕು ಮಾತು ಕೇಳ್ತೀನಿ ಅಂತ ಎದ್ದಿದ್ದೆ. ಇವ್ರೇ ತಡೆದ್ರು. 'ಹೆದರಿ ಹೇಳಿದಾನೆ ಪಾಪ. ನಾಳೆ ಅವನೇ ಬರ್ತಾನೆ. ಬಂದಾಗ ಏನೂ ಕೇಳ್ಬೇಡ, ಊಟಕ್ಕೆ ಬಡ್ಸು' ಅಂದ್ರು."

ಸೆರಗಿನಿಂದ ಮುಖ ಒರೆಸಿಕೊಂಡು ಅಜ್ಜಿ ಹೇಳಿದರು: "ನೀನು ಬರ್ಲೇ ಇಲ್ಲ."