ಬಸ್ಸಿಗೆ ಕೊಟ್ಟ ಬುತ್ತಿ

ನ್ಯಾಮತಿಯ ಅನ್ನಪೂರ್ಣಮ್ಮ ಒಂದು ಇಡೀ ಚಳಿಗಾಲ ಮಗಳ ಊಟವನ್ನು ಬಸ್ಸಿಗೆ ಕೊಟ್ಟಳು.

ದಾವಣಗೆರೆ ಕಡೆ ಹೋಗುವ ಬೆಳಗಿನ ಪ್ರೈವೇಟ್ ಬಸ್ಸು ಅವಳ ಅಂಗಡಿಯ ಎದುರಿಗೇ ನಿಲ್ಲುತ್ತದೆ. ಅಂಗಡಿಯೆಂದರೆ ಹಗ್ಗ, ಗೋಣಿಚೀಲ, ಟಾರ್ಪಾಲು, ಎತ್ತಿನ ಮೂಗುದಾರ ಮಾರುವ ಒಂದು ಸಣ್ಣ ಮಳಿಗೆ, ಹಿಂದೆಯೇ ಮನೆ. ಗಂಡ ಗುರುಬಸವರಾಜ್ ಗಲ್ಲಾದ ಮುಂದೆ ಕೂರುತ್ತಾನೆ, ಹಗ್ಗ ಅಳೆದು ಕತ್ತರಿಸುವವಳು ಇವಳು. ಬಸ್ಸಿನ ಹಾರನ್ ಕೇಳಿದ್ದೇ ತಡ, ಬಿಳಿ ಬಟ್ಟೆಯಲ್ಲಿ ಗಂಟು ಬಿಗಿದ ಊಟದ ಕ್ಯಾರಿಯರ್ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಕಂಡಕ್ಟರ್ ಮೈಲಾರಿ ಅದನ್ನು ಇಸಿದುಕೊಂಡು ಡ್ರೈವರ್ ಸೀಟಿನ ಹಿಂದಿನ ಕೊಕ್ಕೆಗೆ ತೂಗುಹಾಕುತ್ತಿದ್ದ. ಬಸ್ಸು ಹೊನ್ನಾಳಿಯ ಹೊಳೆ ದಾಟಿ, ಊರೂರು ನಿಂತು, ವಿಶ್ವವಿದ್ಯಾಲಯದ ಗೇಟಿನ ಮುಂದೆ ಬಂದಾಗ ಅವನೇ ಇಳಿದು ವಾಚ್‌ಮನ್ ಕೋಣೆಯಲ್ಲಿ ಇಟ್ಟುಬರುತ್ತಿದ್ದ. ಸಂಜೆಯ ಬಸ್ಸಿಗೆ ಖಾಲಿ ಕ್ಯಾರಿಯರ್ ವಾಪಸು. ಟಿಕೆಟ್ಟಿಲ್ಲ, ರಸೀದಿಯಿಲ್ಲ, ಈ ಸೀಮೆಯಲ್ಲಿ ಎಷ್ಟೋ ತಾಯಂದಿರ ಬುತ್ತಿ ಹೀಗೆಯೇ ಓಡಾಡುತ್ತದೆ, ಒಂದೂ ತಪ್ಪಿಹೋಗುವುದಿಲ್ಲ.

ಖಾಲಿ ಕ್ಯಾರಿಯರಿನ ಮುಚ್ಚಳ ತೆಗೆದು ನೋಡುವುದೇ ಅನ್ನಪೂರ್ಣಮ್ಮನಿಗೆ ದಿನದ ಸುಖ. ತೊಳೆದಿಟ್ಟ ಡಬ್ಬಿ ಎಂದರೆ ಮಗಳು ಹೊಟ್ಟೆ ತುಂಬ ಉಂಡಿದ್ದಾಳೆ. ಹೊಟ್ಟೆ ತುಂಬಿದೆ ಎಂದರೆ ಚೆನ್ನಾಗಿದ್ದಾಳೆ. ಇನ್ನೇನು ಬೇಕು?

ಮಗಳು ಕಲ್ಪನಾ. ಹೊನ್ನಾಳಿಯ ಕಾಲೇಜಿಗೆ ಓಡಾಡಿಕೊಂಡೇ ಬಿಎಸ್ಸಿ ಮುಗಿಸಿ, ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಸೀಟು ತಗೊಂಡವಳು. ಮನೆತನದಲ್ಲಿ ಅಷ್ಟು ಓದಿದ ಹೆಣ್ಣು ಇನ್ನೊಬ್ಬಳಿಲ್ಲ. ಹಾಸ್ಟೆಲಿನಲ್ಲೂ ಜಾಗ ಸಿಕ್ಕಿತು. ಅಪ್ಪನಿಗೆ ಹಿಗ್ಗು. ಅವ್ವನಿಗೆ ಹಿಗ್ಗಿನ ಜೊತೆಗೆ ಒಂದು ಮುಳ್ಳು.

"ಅಲ್ಲಿ ಅಡಿಗಿ ಮಾಡೋರು ಯಾರಂತ ಕೇಳಿದ್ರೇನು?" ಎಂದಳು ಗಂಡನಿಗೆ.

"ಅಡಿಗಿ ಬರೋರು ಮಾಡ್ತಾರೆ. ಅಷ್ಟ್ ಹುಡುಗೇರು ಉಂಡು ಬದುಕಿಲ್ಲೇನು?"

"ಒಂದೇ ಸೌಟು ಮೊಟ್ಟೆ ಸಾರಿಗೂ ಹಾಕ್ತಾರೆ, ಬ್ಯಾಳಿ ಸಾರಿಗೂ ಹಾಕ್ತಾರೆ. ಯಾರ ಕೈದೋ ಏನೋ. ನನ್ನ ಮಗಳು ಅದನ್ನ ಉಣ್ಣಾದು ಬ್ಯಾಡ. ಬಸ್ ಮನಿ ಮುಂದೇ ನಿಲ್ತೈತೆ, ನಾನು ಕಳಸ್ತೀನಿ."

"ಮೆಸ್ಸಿಗೆ ದುಡ್ಡು ಹೆಂಗಿದ್ರೂ ಕಟ್ಟಲೇಬೇಕು ಕಣೇ."

"ಕಟ್ರಿ. ಉಣ್ಣಾದು ಮಾತ್ರ ಮನಿದು."

ಗುರುಬಸವರಾಜ್ ವಾದ ಮಾಡುವ ಗಂಡಸಲ್ಲ. ವಾದ ಮಾಡಬೇಕಾದ ಹೊತ್ತಿನಲ್ಲಿ ಮಾಡದೆ, ಆಮೇಲೆ 'ನಾನು ಅವತ್ತೇ ಹೇಳಿದ್ದೆ' ಎನ್ನುವ ಜಾತಿ. ಅನ್ನಪೂರ್ಣಮ್ಮನಾದರೂ ಕೆಟ್ಟವಳೇನಲ್ಲ. ವರ್ಷಕ್ಕೊಮ್ಮೆ ಮಠದ ದಾಸೋಹದಲ್ಲಿ ಯಾರ ಪಕ್ಕ ಜಾಗ ಸಿಕ್ಕಿದರೂ ಕೂತು, ಯಾರು ಬಡಿಸಿದರೂ ಉಂಡು, ಎಲೆ ಎತ್ತಿ ಬರುವವಳು. ಅಲ್ಲಿ ಸೌಟಿನ ಹುಟ್ಟು ವಿಚಾರಿಸಿದವಳಲ್ಲ. ಮಗಳ ತಟ್ಟೆಯ ವಿಷಯಕ್ಕೆ ಬಂದಾಗ ಮಾತ್ರ ಎಲ್ಲ ವಿಚಾರಣೆಯೂ ಎದ್ದು ಕೂತಿತು. ಇದನ್ನು ತಾಯಿ ಕರುಳು ಎಂದು ಕರೆಯುವವರು ಕರೆಯಲಿ. ಕರುಳಿಗೆ ಜಾತಿಯ ಸೆರಗು ಹೊದಿಸಿ ಕಳಿಸುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಸೆರಗು ಯಾವುದು ಕರುಳು ಯಾವುದು ಎಂದು ನಮಗೇ ಗೊತ್ತಾಗುವುದಿಲ್ಲ.

ಜೋಳದ ರೊಟ್ಟಿ, ಒಂದು ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರನ್ನ. ಮಧ್ಯಾಹ್ನಕ್ಕೂ ರಾತ್ರಿಗೂ ಆಗುವಷ್ಟು. ರಾತ್ರಿಯದನ್ನು ರೂಮಿನ ಡಬ್ಬಿಗೆ ತೆಗೆದಿಟ್ಟುಕೊಂಡು, ಸಂಜೆಯ ಬಸ್ಸಿಗೆ ಕ್ಯಾರಿಯರ್ ತೊಳೆದು ಕೊಡಬೇಕು. ಬೆಳಗಿನ ಬಸ್ಸು ಗೇಟಿಗೆ ಬರುವ ಹೊತ್ತಿಗೆ ಮೊದಲ ಕ್ಲಾಸು ಶುರುವಾಗಿರುತ್ತಿತ್ತು. ವಾಚ್‌ಮನ್ ಕೋಣೆಗೆ ನಾಯಿ ನುಗ್ಗುತ್ತದೆಂದು ಕಲ್ಪನಾ ಗೇಟಿನಲ್ಲೇ ಕಾದು ಕ್ಯಾರಿಯರ್ ತಗೊಂಡು, ರೂಮಿಗೆ ಒಯ್ದಿಟ್ಟು, ಆಮೇಲೆ ಕ್ಲಾಸಿಗೆ ಓಡುತ್ತಿದ್ದಳು. ತಡವಾಗಿ ಬಂದವಳಿಗೆ ಹಿಂದಿನ ಬೆಂಚು. ಮಧ್ಯಾಹ್ನ ಎಲ್ಲರೂ ಮೆಸ್ಸಿಗೆ ಇಳಿದರೆ ಇವಳು ರೂಮಿನ ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಉಣ್ಣುತ್ತಿದ್ದಳು. ಹುಡುಗಿಯರು ಅವಳಿಗೆ 'ಬುತ್ತಿ ಮೇಡಂ' ಎಂದು ಹೆಸರಿಟ್ಟಿದ್ದರು. ಇದ್ಯಾವುದೂ ಅನ್ನಪೂರ್ಣಮ್ಮನಿಗೆ ಆಗ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ತೊಳೆದ ಡಬ್ಬಿ.

ಒಂದು ಸಲ ಮಗಳು ಫೋನಿನಲ್ಲಿ ಹೇಳಿದ್ದಳು. "ಅವ್ವಾ, ನಾಳಿಂದ ಬುತ್ತಿ ಬ್ಯಾಡ ಬಿಡು."

"ಯಾಕೆ, ರೊಟ್ಟಿ ಬಿರುಸಾಗ್ತಾವೇನು?"

"ರೊಟ್ಟಿದಲ್ಲ. ಎಲ್ರೂ ಕೆಳಗೆ ಉಣ್ತಾರೆ."

"ಉಣ್ಲಿ. ಅವರ ಮನಿ ಮುಂದೆ ಬಸ್ ನಿಲ್ಲಲ್ಲ, ಪಾಪ. ನಿನ್ನ ಪುಣ್ಯ."

ಮರುದಿನ ಅವ್ವ ರೊಟ್ಟಿಗೆ ಬೆಣ್ಣೆ ಸವರಿ ಕಳಿಸಿದಳು.

ಅವಳ ರೂಮಿನಲ್ಲಿ ಜೊತೆಗಿದ್ದವಳು ಜಗಳೂರು ಕಡೆಯ ಪೂಜಾ. ಮಾತಿನಲ್ಲಿ ಚುರುಕು, ನಗು ಜೋರು. ಬಂದ ವಾರದಲ್ಲೇ ಕಲ್ಪನಾಳ ರೊಟ್ಟಿ ಮುರಿದು ತಿಂದು, "ನಿಮ್ಮವ್ವನ ಕೈಗೆ ಒಂದು ಬಳಿ ಮಾಡಿಸ್ಬೇಕು ಕಣೇ" ಎಂದವಳು. ದಿನಾ ಅರ್ಧ ರೊಟ್ಟಿ ಅವಳಿಗೆ ಹೋಗುತ್ತಿತ್ತು. ಕೊಡುವುದಕ್ಕೆ ಅವ್ವನ ಅಡ್ಡಿಯಿರಲಿಲ್ಲವಲ್ಲ.

ಸಂಕ್ರಾಂತಿಗೆ ಊರಿಗೆ ಹೋದ ಪೂಜಾ, ತನ್ನಜ್ಜಿ ಓಬವ್ವ ಕಟ್ಟಿಕೊಟ್ಟ ಶೇಂಗಾ ಉಂಡೆಯ ಡಬ್ಬಿ ತಂದಳು. ಅವಳು ಮುಚ್ಚಳ ತೆಗೆಯುವುದಕ್ಕೂ ಅನ್ನಪೂರ್ಣಮ್ಮನ ಫೋನು ಬರುವುದಕ್ಕೂ ಸರಿಹೋಯಿತು. ಕಲ್ಪನಾ ತಲೆ ಬಾಚಿಕೊಳ್ಳುತ್ತಿದ್ದಳು. ಫೋನನ್ನು ಸ್ಪೀಕರಿಗೆ ಹಾಕಿ ಮಂಚದ ಮೇಲಿಟ್ಟಿದ್ದಳು.

"ಅವ್ವಾ, ಪೂಜಾ ಜಗಳೂರಿಂದ ಶೇಂಗಾ ಉಂಡಿ ತಂದಾಳೆ. ಬಾಯಿಗೇ ಇಡಾಕೆ ಬಂದಾಳೆ ನೋಡು" ಎಂದಳು ನಗುತ್ತ.

ಅನ್ನಪೂರ್ಣಮ್ಮ ಅಂಗಡಿಯಲ್ಲಿ ನಿಂತು, ಒಂದು ಕೈಯಲ್ಲಿ ಹಗ್ಗ ಹಿಡಿದುಕೊಂಡೇ ಕೇಳಿದಳು.

"ಯಾರ ಪೈಕಿ ಅವಳು?"

ಗಿರಾಕಿಗೆ ಇನ್ನೊಂದು ಮೊಳ ಎಳೆದು, ಮತ್ತೆ ಕೇಳಿದಳು.

"ಕೇಳ್ತೈತೇನೇ? ಯಾರ ಪೈಕಿ ಅಂದೆ. ತಿಳ್ಕಳದೆ ಬಾಯಿಗೆ ಹಾಕ್ಕಬ್ಯಾಡ. ಹಲ್ಲು ನೋವು ಅಂತ ಹೇಳು."

ಫೋನು ಕಟ್ಟಾಯಿತು. ಸಿಗ್ನಲ್ ಹೋಗಿರಬೇಕೆಂದು ಅನ್ನಪೂರ್ಣಮ್ಮ ಹಗ್ಗ ಕತ್ತರಿಸಿ ಗಿರಾಕಿಯ ಕೈಗೆ ಕೊಟ್ಟಳು. ಆ ಮಾತನ್ನು ಅವಳು ಅಲ್ಲಿಗೇ ಮರೆತಳು. ಇಂಥ ಮಾತನ್ನು ಆಡಿದವರು ಮರೆಯುತ್ತಾರೆ. ಆಡಿಸಿಕೊಂಡವರಿಗೆ ಆ ಅನುಕೂಲವಿಲ್ಲ.

ಅಲ್ಲಿಂದ ಮುಂದೆ ಸಂಜೆಯ ಕ್ಯಾರಿಯರ್ ಭಾರವಾಗಿ ಬರತೊಡಗಿತು. ಒಂದು ದಿನ ಪಲ್ಯ ಹಾಗೇ ಇತ್ತು. ಇನ್ನೊಂದು ದಿನ ಗಂಟೇ ಬಿಚ್ಚಿರಲಿಲ್ಲ. "ಅಮ್ಮಾರೆ, ನಿಮ್ಮ ಹುಡುಗಿ ಗೇಟಿಗೇ ಬರಲಿಲ್ಲಂತೆ" ಎಂದ ಮೈಲಾರಿ. ಫೋನು ಮಾಡಿದರೆ "ಹಸಿವಿಲ್ಲ", "ಜ್ವರ ಬಂದಂಗೈತೆ", "ಪರೀಕ್ಷೆ ಐತೆ". ಅಷ್ಟರಲ್ಲಿ ಮೊದಲ ಸೆಮಿಸ್ಟರಿನ ಫಲಿತಾಂಶ ಬಂತು. ಬಿಎಸ್ಸಿಯಲ್ಲಿ ಕಾಲೇಜಿಗೇ ಮುಂದಿದ್ದ ಹುಡುಗಿ ಎರಡು ವಿಷಯದಲ್ಲಿ ಫೇಲಾಗಿದ್ದಳು.

"ಅವ್ವಾ, ನಾನು ಮನಿಗೆ ಬಂದ್ಬಿಡ್ತೀನಿ."

ಆಗ ಅನ್ನಪೂರ್ಣಮ್ಮನ ಬಾಯಿಂದ ಬಂದ ಮಾತು ಇಷ್ಟೇ: "ಬಾ ನನ್ನವ್ವ. ಯಾರು ಬ್ಯಾಡ ಅಂತಾರೆ?" ಹೇಳುವಾಗ ಅವಳಿಗೆ ಸಂತೋಷವೇ ಆಗಿತ್ತು. ಈಗ ಅವಳನ್ನು ಹೆಚ್ಚು ಸುಡುವುದು ಫೋನಿನ ಆ ಪ್ರಶ್ನೆಯಲ್ಲ, ಈ ಸಂತೋಷ.

ಮಗಳ ಸಾಮಾನು ತರಲು ಅವಳು ಮೈಲಾರಿಯ ಬಸ್ಸಿನಲ್ಲೇ ಹೋದಳು. ಅಂಗಡಿ ಬಿಟ್ಟು ಬರಲಾಗದೆ ಅದುವರೆಗೆ ಆ ಕ್ಯಾಂಪಸ್ಸನ್ನು ನೋಡಿದವಳಲ್ಲ. ಸೇರಿಸಲು ಗಂಡನೊಬ್ಬನೇ ಬಂದಿದ್ದ. ಬೇವಿನ ಮರಗಳ ಸಾಲು, ಗೋಡೆಗೆ ಒರಗಿಸಿದ ಸೈಕಲ್ಲುಗಳು, ಕಿಟಕಿಗಳಲ್ಲಿ ಒಣಹಾಕಿದ ಚೂಡಿದಾರ. ದಾರಿಯಲ್ಲಿ ಬಸ್ಸು ಪಂಕ್ಚರಾಗಿ ತಡವಾಗಿತ್ತು, ಹಾಸ್ಟೆಲು ತಲುಪಿದಾಗ ಮಧ್ಯಾಹ್ನದ ಊಟದ ಹೊತ್ತು. ಕಲ್ಪನಾ ಮೇಲೆ ರೂಮಿನಲ್ಲಿ ಪುಸ್ತಕ ಕಟ್ಟುತ್ತಿದ್ದಳು. ಮಗಳ ಹೆಸರು ಹೇಳಿ ರೂಮು ಕೇಳಿದಾಗ, ಮೆಸ್ಸಿನ ಬಾಗಿಲಲ್ಲಿ ನಿಂತಿದ್ದ ಅಡುಗೆಯ ಭೀಮಕ್ಕ, "ಬಿಸಲಾಗೆ ಬಂದೀರಿ, ಉಂಡು ಹೋಗ್ರಿ ಅಮ್ಮಾರೆ" ಎಂದು ತಟ್ಟೆಗೆ ಅನ್ನ ಸಾರು ಹಾಕಿ ಮೇಜಿನ ಮೇಲೆ ಇಟ್ಟೇಬಿಟ್ಟಳು. ಅನ್ನಪೂರ್ಣಮ್ಮ ತಟ್ಟೆಯನ್ನು ನೋಡುತ್ತ ನಿಂತಳು. ಪಕ್ಕದಲ್ಲಿ ಉಣ್ಣುತ್ತಿದ್ದ ಹುಡುಗಿಯೊಬ್ಬಳು ತಲೆಯೆತ್ತಿದಳು.

"ಉಣ್ರಿ ಅಮ್ಮ. ಬಡಿಸಿದ್ದು ಭೀಮಕ್ಕ, ನಾನಲ್ಲ."

"ಯಾಕವ್ವ ಹಂಗಂತೀ? ನೀನು ಯಾರು?"

"ಜಗಳೂರಿನ ಪೂಜಾ. ಯಾರ ಪೈಕಿ ಅಂತ ಇನ್ನೂ ಹೇಳಿಲ್ಲ ನಿಮಗೆ." ಅವಳು ತಟ್ಟೆ ಎತ್ತಿಕೊಂಡು ನಲ್ಲಿಯ ಕಡೆ ಹೋದಳು.

ಎದುರಿಗಿದ್ದವಳು ಆಶಾ, ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯವಳು, ಎರಡನೇ ವರ್ಷದ ಹುಡುಗಿ. ಅವಳೇ ತಗ್ಗಿದ ದನಿಯಲ್ಲಿ ಸ್ಪೀಕರಿನ ಸಂಗತಿ ಹೇಳಿದಳು. ಅಂದಿನಿಂದ ಪೂಜಾ ರೊಟ್ಟಿ ಮುಟ್ಟಲಿಲ್ಲ, ಕಲ್ಪನಾ ತಲೆ ಎತ್ತಲಿಲ್ಲ, ರೂಮಿನಲ್ಲಿ ಮಾತು ನಿಂತಿತು. ಗೇಟಿಗೆ ಹೋಗುವುದಕ್ಕೂ ಕಲ್ಪನಾಳಿಗೆ ನಾಚಿಕೆಯಾಗಿ, ಬುತ್ತಿಯೂ ಇಲ್ಲದೆ ಮೆಸ್ಸೂ ಇಲ್ಲದೆ ಎಷ್ಟೋ ದಿನ ಬಿಸ್ಕತ್ತಿನಲ್ಲಿ ಕಳೆದಳು.

ಅನ್ನಪೂರ್ಣಮ್ಮ ಬೆಂಚಿನ ಮೇಲೆ ಕೂತಳು. ತಟ್ಟೆಗೆ ಕೈ ಹಾಕಿ, ಕಲಸಿ, ಉಂಡಳು. ಸಾರಿನಲ್ಲಿ ಹುಳಿ ಮುಂದಾಗಿತ್ತು. ಮಿಕ್ಕಂತೆ ಅದೂ ಅನ್ನ ಸಾರೇ. ಸುತ್ತಲೂ ಹುಡುಗಿಯರು ಉಂಡ ಮೇಲೂ ಎದ್ದಿರಲಿಲ್ಲ. ಒಬ್ಬಳು ತಟ್ಟೆ ಪಕ್ಕಕ್ಕೆ ಸರಿಸಿ, ನೀರಿನಲ್ಲಿ ಬೆರಳದ್ದಿ ಮೇಜಿನ ಕಡಪ ಕಲ್ಲಿನ ಮೇಲೆ ಏನೋ ಗೆರೆ ಎಳೆದು ತೋರಿಸುತ್ತಿದ್ದಳು. ಇನ್ನೊಬ್ಬಳು "ಇಂಗ್ಲಿಷ್ ಬಿಡೇ, ನಮ್ಮ ಮಾತಲ್ಲಿ ಹೇಳು" ಎನ್ನುತ್ತಿದ್ದಳು. ಮತ್ತೊಬ್ಬಳು ಊರಿನ ನೆನಪಾಗಿ ಅತ್ತಿರಬೇಕು, ಅವಳ ಜಡೆ ಎಳೆದು ನಗಿಸುತ್ತಿದ್ದರು.

"ಇವ್ರೇನು ಮಾಡ್ತಾರವ್ವ ಇಲ್ಲಿ?"

"ಇದೇ ನಮ್ಮ ಟ್ಯೂಷನ್ ಅಮ್ಮ. ಕ್ಲಾಸ್ನಾಗೆ ಅರ್ಧ ತಿಳಿತೈತೆ, ಮಿಕ್ಕಿದ್ದು ಉಣ್ಣೋವಾಗ" ಎಂದಳು ಆಶಾ. "ನಾನೂ ಬಂದಾಗ ದಿನಾ ಅಳ್ತಿದ್ದೆ. ಮೇಲಿನ ಕ್ಲಾಸಿನ ಅಕ್ಕಂದಿರು ಇಲ್ಲೇ ಕೂರಿಸ್ಕಂಡು ಹೇಳ್ಕೊಟ್ರು. ಕಲ್ಪನಾನ್ನೂ ಕರೆದ್ವಿ. ಬುತ್ತಿ ಐತೆ ಅಂತಿದ್ಲು."

ಹಾಸ್ಟೆಲು ಎಂದರೆ ಮಂಚ, ಬೀಗ, ನಲ್ಲಿ ಎಂದು ಲೆಕ್ಕ ಹಾಕಿ ಉದ್ಘಾಟನೆಯ ಕಲ್ಲು ನೆಡುವವರಿಗೆ ಈ ಮೇಜು ಕಾಣುವುದಿಲ್ಲ. ಮಕ್ಕಳನ್ನು ಕಳಿಸುವ ನಮಗೂ ಕಾಣುವುದಿಲ್ಲ. ಊರಿನಲ್ಲಿ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಊಟಕ್ಕೆ ಹೋಗದ ಹುಡುಗಿಯರು, ನಾಲ್ಕು ತಾಲ್ಲೂಕುಗಳಿಂದ ಬಂದು ಮೊದಲ ಸಲ ಒಂದೇ ಮೇಜಿಗೆ ಕೂರುವ ಜಾಗ ಅದು. ಪಾಠ ತಲೆಗೆ ಹತ್ತುವುದೂ ಅಲ್ಲೇ, ಇದು ನನ್ನ ಜಾಗ ಎನಿಸುವುದೂ ಅಲ್ಲೇ. ಆ ಮೇಜಿಗೆ ಮಗಳು ಕೂರದಂತೆ, ದಿನಾ ಬೆಳಿಗ್ಗೆ ಎದ್ದು, ಬೆಣ್ಣೆ ಸವರಿ, ಗಂಟು ಕಟ್ಟಿ ಕಳಿಸಿದ್ದು ಯಾವ ಶತ್ರುವೂ ಅಲ್ಲ.

ಅನ್ನಪೂರ್ಣಮ್ಮ ಕೈ ತೊಳೆದು ಮೇಲೆ ಹೋದಳು. ಪೂಜಾ ಆಗಲೇ ಅಲ್ಲಿದ್ದು, ಕಲ್ಪನಾಳ ಟ್ರಂಕಿನ ಒಂದು ಕಡೆ ಹಿಡಿದಿದ್ದಳು.

"ಕಲ್ಪನಾ, ಇಲ್ಲೇ ಇರೇ. ಕೆಳಗೇ ಉಣ್ಣು. ನಾನು ಉಂಡು ಬಂದೆ. ವಾರ್ಡನ್ ಕಾಲಿಗಾದ್ರೂ ಬೀಳ್ತೀನಿ."

"ಹಾಸ್ಟೆಲ್ ಸೀಟು ಬಿಟ್ಟುಕೊಟ್ಟಾತು ಅವ್ವ. ಬೇರೆಯೋರು ನಾಳೆ ಬರ್ತಾರೆ."

"ಹೊರಗೆ ರೂಮು ಮಾಡಾನ."

"ಈಗ ಬ್ಯಾಡ." ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅನ್ನಪೂರ್ಣಮ್ಮನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಈಗ ಹೋಗಿ ಆ ಕ್ಲಾಸ್ನಾಗಾಗ್ಲಿ, ಆ ಮೇಜಿಗಾಗ್ಲಿ ಹೆಂಗೆ ಕುತ್ಕಳ್ಳಿ? ಎಲ್ರಿಗೂ ಗೊತ್ತೈತೆ."

ಅನ್ನಪೂರ್ಣಮ್ಮ ಪೂಜಾಳ ಕಡೆ ತಿರುಗಿದಳು. ಏನೋ ಹೇಳಬೇಕೆಂದು ಬಾಯಿ ತೆರೆದಳು. ಪೂಜಾ "ಮೆಟ್ಲು ನೋಡ್ಕಂಡು ಇಳೀರಿ" ಎಂದಳು. ಅಷ್ಟೇ.

ಈಗ ಕಲ್ಪನಾ ಅಂಗಡಿಯಲ್ಲಿ ಹಗ್ಗ ಅಳೆಯುತ್ತಾಳೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕು ಎಂದರೆ "ನೋಡಾನ" ಎನ್ನುತ್ತಾಳೆ. ಅರ್ಜಿಯ ದಿನಗಳು ಬಂದವು, ಹೋದವು. ಬೆಳಗಿನ ಬಸ್ಸು ನಿಂತಾಗ ಮಾತ್ರ ಒಳಗೆ ಹೋಗಿ ಚೀಲಗಳ ಹಿಂದೆ ಏನಾದರೂ ಹುಡುಕುತ್ತಾಳೆ.

ಮೊನ್ನೆ ಹಿಂದಿನ ಬೀದಿಯ ತಿಪ್ಪಮ್ಮ ಬಂದಿದ್ದಳು. ಸಾಸ್ವೆಹಳ್ಳಿಯಿಂದ ಲಗ್ನವಾಗಿ ಬಂದವಳು, ಬಾಯಿ ಬಿರುಸು, ಮನಸ್ಸು ಮೆತ್ತಗೆ. ಅವಳ ಮಗಳು ಚೈತ್ರಾಳಿಗೂ ಅದೇ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತ್ತು.

"ಅಕ್ಕಾ, ಮೈಲಾರಿಗೆ ಒಂದು ಮಾತು ಹೇಳ್ರಿ. ಸೋಮವಾರದಿಂದ ನಾನೂ ಬುತ್ತಿ ಕೊಡ್ತೀನಿ."

"ಕಳಿಸಬ್ಯಾಡ ತಿಪ್ಪಮ್ಮ."

"ಯಾಕ್ರಿ?"

"ಅಲ್ಲೇ ಉಣ್ಲಿ. ಎಲ್ಲರ ಕೂಡೆ ಕುತ್ಕಂಡು ಉಣ್ಲಿ."

ತಿಪ್ಪಮ್ಮ ನಕ್ಕಳು. "ನಿಮ್ಮ ಮಗಳಿಗೆ ಬೆಣ್ಣಿ ಸವರಿ ಕಳಿಸಿದ್ರಿ, ನನ್ನ ಮಗಳಿಗೆ ನೀರು ಸಾರೇನು? ನಿಮ್ಮ ಹುಡುಗಿ ಓದು ಬಿಟ್ಲು ಅಂತ ನಮ್ಮ ಹುಡುಗೀನೂ ಬಿಡ್ಲಿ ಅಂತೀರೇನು ಮತ್ತೆ?"

ಅನ್ನಪೂರ್ಣಮ್ಮನ ಬಾಯಿತನಕ ಎಲ್ಲವೂ ಬಂತು. ಅದನ್ನು ಹೇಳಬೇಕೆಂದರೆ ಫೋನಿನಲ್ಲಿ ತಾನು ಆಡಿದ ಮಾತನ್ನೂ ಹೇಳಬೇಕು. ಹಗ್ಗದ ಸುರುಳಿಯ ಪಕ್ಕದಲ್ಲಿ ಕಲ್ಪನಾ ತಲೆ ಬಗ್ಗಿಸಿ ನಿಂತಿದ್ದಳು. "ನಿನ್ನಿಷ್ಟ" ಎಂದುಬಿಟ್ಟಳು ಅನ್ನಪೂರ್ಣಮ್ಮ. ಇಷ್ಟಾದ ಮೇಲೂ ಅವಳಿಗೆ ಮಾನವೇ ದೊಡ್ಡದಾಯಿತು.

ಸೋಮವಾರ ಬಸ್ಸು ನಿಂತಿತು. ಹೊಸ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕ್ಯಾರಿಯರನ್ನು ತಿಪ್ಪಮ್ಮ ಮೇಲೆತ್ತಿ ಕೊಟ್ಟಳು. ಮೈಲಾರಿ ಅದನ್ನು ಡ್ರೈವರ್ ಸೀಟಿನ ಹಿಂದೆ, ಅದೇ ಕೊಕ್ಕೆಗೆ ಹಾಕಿದ. ಅನ್ನಪೂರ್ಣಮ್ಮ ಸರಸರನೆ ಮೆಟ್ಟಿಲಿಳಿದು ಬಸ್ಸಿನ ಬಾಗಿಲ ಕಂಬಿ ಹಿಡಿದಳು.

"ಏನ್ ಅಮ್ಮಾರೆ, ನೀವೂ ಏನಾರ ಕೊಡಾದೈತೇನು?" ಎಂದ ಮೈಲಾರಿ.

ಅವಳು ಕೊಕ್ಕೆಯ ಕಡೆ ನೋಡಿದಳು, ತಿಪ್ಪಮ್ಮನ ಕಡೆ ನೋಡಿದಳು.

"ಏನಿಲ್ಲ" ಎಂದು ಕಂಬಿ ಬಿಟ್ಟಳು. "ಹೊಂಡ್ರಿ."