ಷರೀಫ್ ಅಂಕಲ್ ಚಪ್ಪಾಳೆ ಹೊಡೆದ ಭಾನುವಾರ

“ಟೀವಿ ತೆಗೆದ್ರೆ ಯಾಕೆ ತೆಗೆದ್ರು ಅಂತಾರೆ ಕಣಮ್ಮ, ಇಟ್ಕೊಂಡ್ರೆ ಯಾಕೆ ಚಪ್ಪಾಳೆ ಹೊಡೀಲಿಲ್ಲ ಅಂತಾರೆ. ನಾನು ಏನು ಮಾಡ್ಲಿ ನೀನೇ ಹೇಳು,” ಎಂದರು ಷರೀಫ್ ಅಂಕಲ್, ಬಿಸಿನೀರಿನಿಂದ ಕೈ ತೆಗೆಯದೆ.

“ಮ್ಯಾಚ್ ಮುಗಿಯೋವರೆಗೂ ಬಾಗಿಲು ಹಾಕ್ಕೊಳ್ಳಿ ಅಂಕಲ್,” ಎಂದೆ.

“ಹಬೆ ಎಲ್ಲಿಗೆ ಹೋಗ್ಬೇಕು, ನಿನ್ನ ತಲೆ ಮೇಲಕ್ಕಾ?” ಎಂದರು ಪಕ್ಕದ ಬೇಸಿನ್ನಿನ ರಾಮಾಂಜಿನಪ್ಪ. “ಬಾಗಿಲು ಹಾಕಿದ್ರೆ ನಾವೂ ಗೂಡಿನ ಥರ ಬೇಯ್ತೀವಿ. ಆಮೇಲೆ ಶಹಜಾದಮ್ಮ ನಮ್ಮಿಂದಾನೂ ನೂಲು ತೆಗೀತಾಳೆ.”

ಒಲೆಯ ಮೇಲೆ ರೇಷ್ಮೆಗೂಡು ಬೇಯಿಸುತ್ತಿದ್ದ ಅಂಕಲ್ ಹೆಂಡತಿ ಶಹಜಾದಿ ಆಂಟಿ ತಿರುಗಿಯೂ ನೋಡದೆ, “ನಿನ್ನಿಂದ ತೆಗೆದ್ರೆ ಒಂದು ಮೊಳಾನೂ ಬರಲ್ಲ, ಎಲ್ಲಾ ಮಾತೇ,” ಎಂದರು.

ಇದು ಶಿಡ್ಲಘಟ್ಟದ ಒಂದು ಗಲ್ಲಿಯಲ್ಲಿರುವ ರೇಷ್ಮೆ ಬಿಚ್ಚುವ ಶೆಡ್ಡು. ಎರಡು ಬೇಸಿನ್, ಒಂದು ಒಲೆ, ಗೋಡೆಗೆ ಒಂದು ಟೀವಿ. ಮುದ್ದೇನಹಳ್ಳಿ ಹತ್ತಿರದ ನಮ್ಮ ತೋಟದ ಗೂಡನ್ನು ಅಪ್ಪ ವರ್ಷಗಟ್ಟಲೆ ಇಲ್ಲಿನ ಮಾರ್ಕೆಟ್ಟಿಗೆ ತಂದಿದ್ದಾರೆ, ಷರೀಫ್ ಅಂಕಲ್ ಅದನ್ನು ಎಷ್ಟೋ ಸಲ ಹರಾಜಿನಲ್ಲಿ ಹಿಡಿದಿದ್ದಾರೆ. ಹಾಗೆ ಶುರುವಾದ ಪರಿಚಯ. ನಾನೀಗ ಇಂಗ್ಲಿಷ್ ಮೀಡಿಯಂನಲ್ಲಿ ಪೊಲಿಟಿಕಲ್ ಸೈನ್ಸ್ ಎಂಎ ಮಾಡುತ್ತಿದ್ದೇನೆ. ಭಾನುವಾರ ಮನೆಯಲ್ಲಿ ರಿಮೋಟು ಅಮ್ಮನ ಕೈಲಿರುತ್ತದೆ, ಆದ್ದರಿಂದ ಮ್ಯಾಚ್ ಇದ್ದರೆ ಬಸ್ಸು ಹತ್ತಿ ಇಲ್ಲಿಗೇ ಬಂದುಬಿಡುತ್ತೇನೆ, ಇಷ್ಟು ಖುಷಿಯಾಗಿ ಕ್ರಿಕೆಟ್ ನೋಡಿದ ಜಾಗ ನನಗೆ ಇನ್ನೊಂದಿಲ್ಲ.

ಆದರೆ ಇಲ್ಲಿ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಹೊಡೆಯಲಾಗುವುದಿಲ್ಲ. ಬೆಂದ ಗೂಡುಗಳಿಂದ ಕಣ್ಣಿಗೆ ಕಾಣಿಸಿಯೂ ಕಾಣಿಸದ ಎಳೆಗಳನ್ನು ಬೆರಳಲ್ಲೇ ಹಿಡಿದು ಮೇಲಕ್ಕೆ ಓಡುವ ನೂಲಿಗೆ ಸೇರಿಸುತ್ತಲೇ ಇರಬೇಕು. ಒಂದು ಗೂಡು ಬರಿದಾದ ಕೂಡಲೇ ಇನ್ನೊಂದರ ಎಳೆ ಎಸೆಯಬೇಕು, ಇಲ್ಲದಿದ್ದರೆ ನೂಲು ತೆಳ್ಳಗಾಗಿ ಕಿತ್ತುಹೋಗುತ್ತದೆ. ಮೋಟರ್ ನಿಲ್ಲಿಸಿ ಕೂತರೆ ಬೆಂದ ಗೂಡು ನೀರಲ್ಲೇ ಮೆತ್ತಗಾಗಿ ಹಾಳಾಗುತ್ತದೆ. ಅದಕ್ಕೇ ಸಿಕ್ಸ್ ಹೋದರೆ ಷರೀಫ್ ಅಂಕಲ್ ಒಮ್ಮೆ ತಲೆಯಾಡಿಸುತ್ತಾರೆ. ವಿಕೆಟ್ ಬಿದ್ದರೆ ರಾಮಾಂಜಿನಪ್ಪ ‘ಅಯಿಪೋಯಿಂದಿ’ ಅನ್ನುತ್ತಾರೆ, ತೆಲುಗಿನಲ್ಲಿ ಮುಗೀತು ಅಂತ. ಆಂಟಿ ರಿಪ್ಲೇಗೆ ಸೌಂಡ್ ಜಾಸ್ತಿ ಮಾಡುತ್ತಾರೆ. ಎಷ್ಟೋ ವರ್ಷಗಳಿಂದ ಈ ಶೆಡ್ಡಿನ ಸಂಭ್ರಮ ಇಷ್ಟೇ.

ಹೋದ ತಿಂಗಳು ಪಾಕಿಸ್ತಾನದ ಮೇಲಿನ ಮ್ಯಾಚ್ ನಡೆಯುವಾಗ ಗಲ್ಲಿಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬ ಬಾಗಿಲಿನಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋದ. ಟೀವಿಯಲ್ಲಿ ಪಾಕಿಸ್ತಾನದ ವಿಕೆಟ್ ಬೀಳುತ್ತದೆ, ಬಾಗಿಲ ಪಕ್ಕದ ಬೇಸಿನ್ನಿನಲ್ಲಿ ಷರೀಫ್ ಅಂಕಲ್ ಕೈ ನೀರಿನಿಂದ ಮೇಲೇಳುವುದಿಲ್ಲ. ‘ನೋಡಿ, ಇವರ ಕೈ ಏಳಲ್ಲ’ ಎಂದು ಕೆಳಗೆ ಬರೆದು ವಾಟ್ಸಾಪ್ ಗ್ರೂಪುಗಳಿಗೆ ಬಿಟ್ಟ. ಯಾರೂ ಬಂದು ಗಲಾಟೆ ಮಾಡಲಿಲ್ಲ. ಟೀ ಅಂಗಡಿಯವನು ನಗುತ್ತಾ ಕೇಳಿದ, ಮಾರ್ಕೆಟ್ಟಿನಲ್ಲಿ ಹಳೇ ಪರಿಚಯದ ರೈತನೊಬ್ಬ “ಏನ್ ಸಾಬ್ರೆ, ಕೈ ನೋವಾ?” ಅಂದ, ಗೌರಿಬಿದನೂರಿನಲ್ಲಿ ಓದುವ ಅಂಕಲ್ ಮಗಳು ಕಹಕಶಾನ್ ಫೋನ್ ಮಾಡಿ ಅತ್ತಳು. ಅದೇ ವಿಡಿಯೋದಲ್ಲಿ ರಾಮಾಂಜಿನಪ್ಪನ ಮೊಣಕೈಯೂ ಕಾಣುತ್ತದೆ, ಅದೂ ಮೇಲೇಳುವುದಿಲ್ಲ. ಅವರನ್ನು ಯಾರೂ ಏನೂ ಕೇಳಲಿಲ್ಲ.

ಈ ಭಾನುವಾರ ಮತ್ತೆ ಪಾಕಿಸ್ತಾನ, ಹೆಣ್ಣುಮಕ್ಕಳ ವರ್ಲ್ಡ್ ಕಪ್ಪಿನಲ್ಲಿ. ಟಾಸ್ ಆಯಿತು, ಕ್ಯಾಪ್ಟನ್‌ಗಳಿಬ್ಬರೂ ಕೈ ಕುಲುಕದೆ ಆ ಕಡೆ ಈ ಕಡೆ ಹೋದರು.

“ನಿಮ್ಮ ಕಾಲೇಜಲ್ಲಿ ಇದನ್ನ ಏನಂತ ಹೇಳ್ಕೊಡ್ತಾರಮ್ಮ?” ಎಂದು ಅಂಕಲ್ ಕೇಳಿದರು.

ಕೇಳಿದ್ದೇ ತಡ, ನಾನು ಉಸಿರು ಬಿಡದೆ ಹೇಳತೊಡಗಿದೆ. ಆಟದ ಹೊರಗೆ ರಾಜಕೀಯ ಇರಲಿ ಅನ್ನುವುದು ಯಾವ ಕಾಲದಲ್ಲೂ ನಡೆದಿಲ್ಲ, ಈಗಲೂ ಟೆನಿಸ್‌ನಲ್ಲಿ ರಷ್ಯಾದವರ ಹೆಸರಿನ ಪಕ್ಕ ಬಾವುಟ ಹಾಕುವುದಿಲ್ಲ, ಎಪ್ಪತ್ತನಾಲ್ಕರಲ್ಲಿ ನಮ್ಮ ದೇಶವೇ ಡೇವಿಸ್ ಕಪ್ ಫೈನಲ್ ಆಡದೆ ಬಿಟ್ಟುಕೊಟ್ಟಿತು, ಎದುರಿಗಿದ್ದದ್ದು ಸೌತ್ ಆಫ್ರಿಕಾ, ಅಲ್ಲಿ ಕರಿಯರನ್ನು ಮನುಷ್ಯರ ಹಾಗೆ ಕಾಣುತ್ತಿರಲಿಲ್ಲ ಅಂತ. ಕಪ್ ಹೋದರೆ ಹೋಗಲಿ ಅಂದಿತು ಸರ್ಕಾರ. ಅದನ್ನು ಓದಿದ ದಿನ ನನಗೆ ಮೈ ಝುಮ್ಮೆಂದಿತ್ತು.

ಅಂಕಲ್ ಒಂದು ಎಳೆ ಹಿಡಿದು ಸೇರಿಸಿದರು. “ಆವಾಗ ಆಡಲ್ಲ ಅಂತ ದೇಶ ಹೇಳ್ತು, ಸರಿ. ಮನೇಲಿ ರೇಡಿಯೋ ಕೇಳೋರನ್ನ ಯಾರಾದ್ರೂ ಬಂದು ನೋಡಿದ್ರಾ, ಇವನು ಹೇಗೆ ಕೇಳ್ತಾನೆ ಅಂತ?”

ನಮ್ಮ ಸಿಲಬಸ್‌ನಲ್ಲಿ ದೇಶಗಳಿವೆ, ಸರ್ಕಾರಗಳಿವೆ, ಆಟಗಾರರೂ ಇದ್ದಾರೆ. ನೋಡುವವರ ಬಗ್ಗೆ ಒಂದು ಪ್ಯಾರಾ ಕೂಡ ಇಲ್ಲ.

ಬ್ಯಾಟಿಂಗ್ ನಮ್ಮದು. ಕವರ್ಸ್ ಕಡೆ ಮೊದಲನೇ ಫೋರ್ ಹೋಯಿತು. ಷರೀಫ್ ಅಂಕಲ್ ನೀರಿನಿಂದ ಎರಡೂ ಕೈ ಎತ್ತಿದರು, ಹೆಗಲ ಮೇಲಿನ ಟವೆಲ್ಲಿಗೆ ಒರೆಸಿಕೊಂಡರು, ಬಾಗಿಲ ಕಡೆ ತಿರುಗಿ ಚಪ್ಪಾಳೆ ಹೊಡೆದರು. ನೆಂದು ಬಿಳಚಿಕೊಂಡ ಅಂಗೈ, ಸದ್ದೇ ಸರಿಯಾಗಿ ಬರಲಿಲ್ಲ. ಬಾಗಿಲಲ್ಲಿ ಯಾರೂ ಇರಲಿಲ್ಲ. ಎದುರು ಮನೆಯ ಮೇಕೆ ಚರಂಡಿ ಪಕ್ಕದ ಸೊಪ್ಪು ತಿನ್ನುತ್ತಿತ್ತು.

ರಾಮಾಂಜಿನಪ್ಪ ತಮ್ಮ ಬೇಸಿನ್ನಿನಿಂದ ಕತ್ತೆತ್ತಿ ನೋಡಿದರು.

ಇನ್ನೊಂದು ಫೋರ್. ಅಂಕಲ್ ಮತ್ತೆ ಕೈ ಒರೆಸಿಕೊಂಡರು, ಮತ್ತೆ ಬಾಗಿಲ ಕಡೆ ತಿರುಗಿದರು. ಅಷ್ಟರಲ್ಲಿ ಅವರ ಬೇಸಿನ್ನಿನ ಗೂಡುಗಳು ಒಂದೊಂದೇ ಬರಿದಾಗಿ, ನೂಲು ತೆಳ್ಳಗಾಗಿ, ಪಟ್ಟನೆ ಕಿತ್ತು ರಾಟೆಗೆ ಸುತ್ತಿಕೊಂಡಿತು.

“ಕ್ಯಾ ಕರ್ತೆ ಜೀ ತುಮೇ,” ಏನ್ರೀ ಮಾಡ್ತಿದ್ದೀರಿ ನೀವು ಎಂದು ಶಹಜಾದಿ ಆಂಟಿ ಸೌಟು ಹಿಡಿದೇ ಬಂದರು. ಆಮೇಲೆ ನಾನಿರುವುದು ನೆನಪಾಗಿ ಕನ್ನಡಕ್ಕೆ ತಿರುಗಿದರು. “ಇಷ್ಟು ವರ್ಷದಲ್ಲಿ ಒಂದು ದಿನಾನೂ ನಿಮ್ಮ ನೂಲು ಹೀಗಾಗಿಲ್ಲ. ಯಾರಿಗೆ ಹೊಡೀತಿದ್ದೀರಿ ಚಪ್ಪಾಳೆ? ಆ ಮೇಕೆಗಾ?”

“ಯಾರಾದ್ರೂ ಬರ್ತಾರೆ.”

“ಬಂದ್ರೆ?”

“ಬಂದ್ರೆ ನೋಡ್ಲಿ.” ಅಂಕಲ್ ಕಿತ್ತ ಎಳೆ ಹುಡುಕುತ್ತಾ ಬಗ್ಗಿದರು. “ಕಹಕಶಾನ್‌ಗೆ ನಾನು ಮಾತು ಕೊಟ್ಟಿದ್ದೀನಿ. ಇನ್ನೊಂದು ಸಲ ಅವಳ ಕಾಲೇಜಲ್ಲಿ ಯಾರೂ ಅಂಥ ವಿಡಿಯೋ ನೋಡಬಾರದು.”

ನೂಲು ಸೇರಿಸುವ ಹೊತ್ತಿಗೆ ಮೂರನೇ ಫೋರ್ ಬಂತು. ಅಂಕಲ್ ಕೈ ಎತ್ತುವ ಮೊದಲೇ ರಾಮಾಂಜಿನಪ್ಪ ತಮ್ಮ ಮೋಟರ್ ಆರಿಸಿ ಎದ್ದು ನಿಂತರು.

“ಏಳಯ್ಯ ಸಾಬಿ. ನನ್ನ ಜಾಗಕ್ಕೆ ಹೋಗು. ಬಾಗಿಲ ಹತ್ರ ನಾನು ಕೂತ್ಕೊತೀನಿ.”

“ನಿನಗೆ ಯಾಕಪ್ಪ ಇದು?”

“ನಾನು ಸತ್ತ ಹೆಣದ ಥರ ಕೂತ್ರೂ ನನ್ನ ವಿಡಿಯೋ ಯಾರು ಮಾಡ್ತಾರೆ? ಮಾಡ್ಲಿ ಬಿಡು, ಕೂದಲು ಬಾಚ್ಕೊಂಡು ಕೂತಿರ್ತೀನಿ.”

ಶಹಜಾದಿ ಆಂಟಿ ನಕ್ಕರು. ಅಂಕಲ್ ನಗಲಿಲ್ಲ. ಮದುವೆಯಾದ ವರ್ಷದಿಂದ ಅವರು ಕೂತ ಬೇಸಿನ್ ಅದು. ಅದರ ಎತ್ತರ, ಎದುರಿನ ಬೆಳಕು, ಸ್ಟೂಲಿನ ಒಂದು ಕಾಲಿನ ಕೆಳಗಿಟ್ಟ ಕಲ್ಲಿನ ಚೂರು, ಎಲ್ಲವೂ ಅವರ ಅಳತೆಗೆ ಇದ್ದವು. ಒಂದು ಓವರ್ ಮುಗಿಯುವವರೆಗೂ ಅಲ್ಲೇ ಎಳೆ ಸೇರಿಸುತ್ತಿದ್ದರು. ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದು ಒಳಗಿನ ಬೇಸಿನ್ನಿಗೆ ಹೋಗಿ ಕೂತರು.

ಅಲ್ಲಿಂದ ಟೀವಿ ಕಾಣುವುದಿಲ್ಲ, ಕಂಬ ಅಡ್ಡ ಬರುತ್ತದೆ. ಇಷ್ಟು ವರ್ಷ ರಾಮಾಂಜಿನಪ್ಪ ಬರೀ ಕೇಳಿಸಿಕೊಂಡೇ ಮ್ಯಾಚ್ ನೋಡಿದ್ದಾರೆಂದು ನನಗೆ ಆವತ್ತೇ ಗೊತ್ತಾದದ್ದು.

ಅಂಕಲ್ ಕೈ ಮತ್ತೆ ನೀರಿಗಿಳಿಯಿತು. ಸ್ವಲ್ಪ ಹೊತ್ತಿಗೆ ನೂಲು ಸಮವಾಗಿ ಓಡತೊಡಗಿತು. ಫೋರ್ ಹೋದಾಗ ಕಂಬದ ಹಿಂದೆ ಅವರ ತಲೆ ಒಮ್ಮೆ ಆಡಿತು. ಬಾಗಿಲಲ್ಲಿ ಇಬ್ಬರು ಹುಡುಗರು ಸ್ಕೋರ್ ಕೇಳಲು ನಿಂತರು, ಕೈ ನೀರಲ್ಲೇ ಇಟ್ಟುಕೊಂಡ ರಾಮಾಂಜಿನಪ್ಪನನ್ನು ನೋಡಿದರು, “ಏನಣ್ಣ, ಎಷ್ಟಾಯ್ತು?” ಅಂದರು, ಹೇಳಿಸಿಕೊಂಡು ಹೊರಟುಹೋದರು. ಒಳಗೆ ಷರೀಫ್ ಅಂಕಲ್ ಆ ಹುಡುಗರ ಕಾಲಸಪ್ಪಳ ಗಲ್ಲಿ ದಾಟುವವರೆಗೂ ಎಳೆ ಎಸೆಯದೆ ಕೂತಿದ್ದನ್ನು ನಾನು ನೋಡಿದೆ.

ನಮ್ಮ ಇನ್ನಿಂಗ್ಸ್ ಮುಗಿಯುವ ಮೊದಲೇ ಚಿಕ್ಕಬಳ್ಳಾಪುರದ ಬಸ್ಸಿಗೆ ಎದ್ದೆ. ಅಂಕಲ್ ಕೇಳಿದರು, “ಮುಂದಿನ ಭಾನುವಾರ ಯಾರ ಮೇಲೆ?”

“ಆಸ್ಟ್ರೇಲಿಯಾ, ಅಂಕಲ್. ವೈಜಾಗ್‌ನಲ್ಲಿ.”

ಅವರು ಕಂಬದ ಪಕ್ಕದಿಂದ ಬಗ್ಗಿ ತಮ್ಮ ಸ್ಟೂಲಿನ ಕಡೆ ನೋಡಿದರು. “ಆಸ್ಟ್ರೇಲಿಯಾ ಆದ್ರೆ ಯಾರೂ ಕೇಳಲ್ಲ. ಅವತ್ತು ನನ್ನ ಜಾಗದಲ್ಲೇ ಕೂತಿರ್ತೀನಿ. ಬೇಗ ಬಾ, ಟಾಸ್‌ಗಿಂತ ಮುಂಚೆ.”

“ಬರ್ತೀನಿ ಅಂಕಲ್,” ಎಂದೆ.